ಕ್ಯಾಸೆಟ್ಟಿನೊಳಗಿನ ಬಸ್ಸು

ಬೇರೆಯವರಿಗೆ ಶನಿ ಏಳೂವರೆ ವರ್ಷ ಕಾಡಿ ಬಿಟ್ಟುಬಿಡುತ್ತಾನಂತೆ. ನಾನು ಹಳೇ ಕಂಪ್ಯೂಟರಿನ ತಂಟೆಗೆ ಹೋದಾಗಲೆಲ್ಲ ಹೊಸದಾಗಿ ಬಂದು ಹೆಗಲೇರುತ್ತಾನೆ. ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಗುಬ್ಬಿಯಲ್ಲಿ ಹೈಸ್ಕೂಲು ಓದುವಾಗ ಶಾಲೆಗೆ ಬಂದಿದ್ದ ಎಂಟು ಬಿಟ್ಟಿನ ಪುಟಾಣಿ ಕಂಪ್ಯೂಟರಿನಲ್ಲಿ ನಾನೊಂದು ಬಸ್ಸಿನ ಆಟ ಬರೆದಿದ್ದೆ. ಅಡ್ಡ ಬರುವ ಎಮ್ಮೆಗಳನ್ನು ತಪ್ಪಿಸಿಕೊಂಡು ಗುಬ್ಬಿಯಿಂದ ತುಮಕೂರಿಗೆ ಬಸ್ಸು ಮುಟ್ಟಿಸಬೇಕು. ಇದನ್ನು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಹೆಂಡತಿ ಒಂದು ದಿನವೂ ನಂಬಿಲ್ಲ.

"ಆಗ ಗುಬ್ಬೀಲಿ ಕರೆಂಟೇ ಇರ್ತಿರ್ಲಿಲ್ಲ. ಕಂಪ್ಯೂಟರ್ ಎಲ್ಲಿಂದ ಬಂತು?" ಅನ್ನುತ್ತಾಳೆ.

ಸಾಯುವುದರೊಳಗೆ ಆ ಬಸ್ಸನ್ನು ಒಮ್ಮೆ ಅವಳ ಕಣ್ಣೆದುರು ಓಡಿಸಿಬಿಡಬೇಕು ಎಂದು ಹೊರಟೆ. ಹೊರಟದ್ದೇ ತಪ್ಪಾಯಿತು.

ಹೊಸ ಲ್ಯಾಪ್‌ಟಾಪು

ಆ ಕಾಲದ ಕಂಪ್ಯೂಟರ್ ಈಗ ಎಲ್ಲಿಯೂ ಸಿಗುವುದಿಲ್ಲ. ಆದರೆ ಎಮ್ಯುಲೇಟರ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದನ್ನು ಹಾಕಿಕೊಂಡರೆ ಇವತ್ತಿನ ಲ್ಯಾಪ್‌ಟಾಪೇ ಹಳೇ ಯಂತ್ರದ ವೇಷ ಕಟ್ಟಿ, ಅದರಂತೆಯೇ ನಡೆದುಕೊಳ್ಳುತ್ತದೆ. ಹೊಸದಾಗಿ ತಂದ ಲ್ಯಾಪ್‌ಟಾಪಿಗೆ ಹಾಕಿದೆ. ನೀಲಿ ಪರದೆ, ಮೇಲೆ 'ರೆಡಿ' ಎಂಬ ಒಂದು ಪದ, ಅದರ ಕೆಳಗೆ ಮಿಣಮಿಣ ಎನ್ನುವ ಚೌಕ. ನನಗೆ ಕಣ್ಣು ತುಂಬಿ ಬಂತು.

ಹೆಂಡತಿಯನ್ನು ಕರೆದು ಯಾವುದೋ ಸಣ್ಣ ಪ್ರೋಗ್ರಾಂ ತೋರಿಸಲು ಕೂತೆ. ವೇಗ ಹೆಚ್ಚಿಸುವ ಸೌಕರ್ಯ ಅದರಲ್ಲೇ ಇತ್ತು, ಆದರೆ ಆ ಕಾಲದ ವೇಗದಲ್ಲೇ ನೋಡಬೇಕು ಎಂಬುದು ನನ್ನ ಹಟ. ಅವಳು ಸ್ವಲ್ಪ ಹೊತ್ತು ನಿಂತಳು. ಒಳಗೆ ಹೋಗಿ ಕುಕ್ಕರ್ ಇಟ್ಟು, ಅದು ಕೂಗುವುದನ್ನೆಲ್ಲ ಕೂಗಿ ಮುಗಿಸಿದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದಳು. ಇನ್ನೂ ಲೋಡ್ ಆಗುತ್ತಿತ್ತು.

"ಅಲ್ಲಾ ರೀ," ಎಂದಳು, "ಹಳೇದು ನಿಧಾನ ಅಂತ ತಾನೇ ಇದನ್ನ ತಂದಿದ್ದು?"

ವೈರಸ್ಸು

ಅವಮಾನ ನುಂಗಿಕೊಂಡು, ಆಟವನ್ನು ನೆನಪಿನಿಂದಲೇ ಮತ್ತೆ ಬರೆಯತೊಡಗಿದೆ. ತಿಂಗಳುಗಟ್ಟಲೆ ತಿಣುಕಿ ಮಲ್ಲಸಂದ್ರದವರೆಗೆ ಬಸ್ಸು ತಂದಿದ್ದೆ. ಇನ್ನೇನು ತುಮಕೂರು ಅನ್ನುವಷ್ಟರಲ್ಲಿ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಟ್ಟಿತು, ರಿಪೇರಿ ಅಂಗಡಿಗೆ ಕೊಟ್ಟೆ. ಆನ್ ಮಾಡಿದ ಕೂಡಲೇ ನೀಲಿ ಪರದೆಯೇ ಬರುವಂತೆ ಮಾಡಿಟ್ಟಿದ್ದೆ, ಅದನ್ನು ಅಂಗಡಿಯವನಿಗೆ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ವಾಪಸು ತರಲು ಹೋದಾಗ ಅವನು ಎದ್ದು ನಿಂತು ನನಗೆ ಕುರ್ಚಿ ಕೊಟ್ಟ.

"ಸಾರ್, ಭಾರಿ ವೈರಸ್ ಹೊಡ್ದಿತ್ತು. ಆನ್ ಮಾಡಿದ್ರೆ ರೆಡಿ ಅಂತಿತ್ತು. ಏನಕ್ಕೆ ರೆಡಿ ಅಂತ ಹೇಳ್ತಾನೇ ಇರ್ಲಿಲ್ಲ. ನಂಗೇ ಭಯ ಆಗೋಯ್ತು."

"ಏನ್ ಮಾಡಿದ್ರಿ?"

"ಪೂರ್ತಿ ಫಾರ್ಮ್ಯಾಟ್ ಹೊಡ್ದೆ. ಒಂದಕ್ಷರ ಉಳಿದಿಲ್ಲ. ನೀವು ಆರಾಮಾಗಿರಿ."

ಅಕ್ಕನ ಹೊಲ

ಇನ್ನು ಉಳಿದದ್ದು ಮೂಲ ಕ್ಯಾಸೆಟ್ಟು. ಆ ಕಾಲದಲ್ಲಿ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿಗೇ ತುಂಬಿಡುತ್ತಿದ್ದೆವು. ಟೇಪ್ ರೆಕಾರ್ಡರಿಗೆ ಹಾಕಿದರೆ ಕೀಂ, ಗರ್ರ್ ಎಂದು ಕಿವಿ ಹರಿಯುವ ಸದ್ದು. ಕಂಪ್ಯೂಟರಿಗೆ ಆ ಸದ್ದೇ ಪ್ರೋಗ್ರಾಂ. ನನ್ನ ಕ್ಯಾಸೆಟ್ಟು ಕುಣಿಗಲ್ ಹತ್ತಿರದ ಅಕ್ಕನ ಮನೆಯಲ್ಲಿ, ಭಾವನ ಹಾಡಿನ ಕ್ಯಾಸೆಟ್ಟುಗಳ ಜೊತೆ ಬಿದ್ದಿತ್ತು.

ಬಸ್ಸಿಳಿದು ಅಕ್ಕನ ಹೊಲ ನೋಡಿದವನು ಬದುವಿನಲ್ಲೇ ನಿಂತುಬಿಟ್ಟೆ. ರಾಗಿ ತೆನೆಗೆ ಹಕ್ಕಿ ಕೂರದಿರಲಿ ಎಂದು ಹೊಲದ ತುಂಬ ಕ್ಯಾಸೆಟ್ಟಿನ ರೀಲು ಬಿಚ್ಚಿ ಕಟ್ಟಿದ್ದರು. ಭಾವನ ಜೀವಮಾನದ ಹಾಡುಗಳೆಲ್ಲ ಗಾಳಿಗೆ ಫಳಫಳ ಎನ್ನುತ್ತಿದ್ದವು.

"ನಂದೂ ಕಟ್ಬಿಟ್ಯಾ ಅಕ್ಕ?"

"ನಿಂದು ಅದೆ ಬುಡ್ಲಾ," ಎಂದು ಅಕ್ಕ ಗೂಡಿನಿಂದ ತೆಗೆದುಕೊಟ್ಟಳು. "ಕಟ್ಟೋಕ್ ಮುಂಚೆ ಏನೈತೆ ನೋಡನ ಅಂತ ಹಾಕ್ದೆ ಕಣೋ. ಟೇಪ್ ರೆಕಾರ್ಡರ್ ಹೆಂಗ್ ಕಿರುಚ್ಕತು ಅಂತೀಯ! ಕೆಟ್ಟೋಯ್ತು ಅಂತ ಗುಜರಿಯವನಿಗೆ ಕೊಟ್ಟು ಬಕೆಟ್ ಇಸ್ಕಂಡೆ. ಕ್ಯಾಸೆಟ್ ಪಾಪ ಏನ್ ಮಾಡ್ತು, ಎತ್ತಿಟ್ಟೆ."

ಕ್ಯಾಸೆಟ್ಟು ಕೈಗೆ ಬಂತು. ಅದನ್ನು ಹಾಕಿ ಕೇಳಲು ಬಕೆಟ್ಟಿತ್ತು.

ಶುದ್ಧೀಕರಣ

ಕ್ಯಾಸೆಟ್ ಓಡಿಸುವ ಯಂತ್ರ ಗುಬ್ಬಿಯಲ್ಲಿ ನಾಟಕ, ಮದುವೆಗಳಿಗೆ ಮೈಕ್ ಸೆಟ್ ಹಾಕುವವರೊಬ್ಬರ ಬಳಿ ಇದೆ ಎಂದು ತಿಳಿಯಿತು. ಹಳೇ ನಾಟಕಗಳ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದರಲ್ಲಿ ಅವರದು ಎತ್ತಿದ ಕೈಯಂತೆ. ಜೋಪಾನ ಎಂದು ಹೇಳಿ ಕೊಟ್ಟುಬಂದೆ. ಒಳಗೆ ಕಂಪ್ಯೂಟರ್ ಆಟ ಇದೆ ಎನ್ನಲಿಲ್ಲ. ಹಾಗೆಂದಾಗಲೆಲ್ಲ ಜನ ನಕ್ಕಿದ್ದನ್ನು ನೋಡಿ ನೋಡಿ ಸಾಕಾಗಿತ್ತು.

ವಾರ ಕಳೆದು ಹೆಂಡತಿಯನ್ನೂ ಲ್ಯಾಪ್‌ಟಾಪನ್ನೂ ಕಟ್ಟಿಕೊಂಡು ಹೋದೆ. ಗುಬ್ಬಿಯಿಂದಲೇ ಬಸ್ಸು ಹೊರಡಲಿ ಎಂದು ನನ್ನ ಆಸೆ.

"ಟೇಪು ಪೂರಾ ಹಳೇದಾಗಿತ್ತು ಸಾರ್. ಒಂದೇ ಸಲಿ ಓಡಿ ತುಂಡ್ ತುಂಡಾಯ್ತು," ಎಂದರು ಸೌಂಡಿನವರು. "ಹೆದರ್ಬೇಡಿ, ಅಷ್ಟರಲ್ಲಿ ಇಳಿಸ್ಕೊಂಡಿದ್ದೆ. ಭಾರಿ ಗಲೀಜಿತ್ತು. ಊಟ ಬಿಟ್ಟು ಕೂತು ಕ್ಲೀನ್ ಮಾಡಿದೀನಿ, ಕೇಳಿ."

ಸ್ಪೀಕರಿನಿಂದ ಒಬ್ಬ ಹುಡುಗನ ಕೀಚಲು ದನಿ ಬಂತು. ಒಂದೇ ಕ್ಯಾಸೆಟ್ಟಿನಲ್ಲಿ ಹಲವರದು ಇರುತ್ತಿದ್ದುದರಿಂದ, ಯಾವ ಪ್ರೋಗ್ರಾಂ ಎಂದು ಮೊದಲು ಬಾಯಲ್ಲಿ ಹೇಳಿ ಆಮೇಲೆ ತುಂಬುವುದು ನಮ್ಮ ಶಾಲೆಯ ಪದ್ಧತಿ. ಆ ಹುಡುಗ ನಾನೇ.

"ಇದು ಬಸ್ಸಿನ ಆಟ. ತುಂಬಾ ಕಷ್ಟಪಟ್ಟು ಬರೆದಿದೀನಿ. ದಯವಿಟ್ಟು ಯಾರೂ ಅಳಿಸಬೇಡಿ."

ಆಮೇಲೆ ಏನೂ ಇಲ್ಲ. ಕಾದೆವು. ಹೊರಗೆ ಆಟೋ ಹೋದ ಸದ್ದು ಚೆನ್ನಾಗಿ ಕೇಳಿಸಿತು.

"ಇದಾದ ಮೇಲೆ?" ಎಂದೆ.

"ಇದಾದ್ಮೇಲೆ ಬರೀ ಗರ್ರ್ ಅಂತ ಗಲಾಟೆ ಸಾರ್. ಎಲ್ಲಾ ತೆಗ್ದಾಕಿದೀನಿ. ಒಂದ್ ಚೂರೂ ಬಿಟ್ಟಿಲ್ಲ."

"ಮೊದಲು ಇಳಿಸ್ಕೊಂಡಿದ್ದು ಇದ್ಯಾ?"

"ಅದರ ಮೇಲೇ ಸೇವ್ ಮಾಡ್ದೆ. ಗಲೀಜ್ ಯಾಕೆ ಇಟ್ಕೊಳೋದು?"

ನಾನು ಅಲ್ಲೇ ಒಂದು ಸ್ಪೀಕರ್ ಬಾಕ್ಸಿನ ಮೇಲೆ ಕುಸಿದು ಕೂತೆ. ಅಳು ಬಂತು, ನಿಜವಾಗಿ ಬಂತು. ಹೆಂಡತಿ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟಳು.

"ರೀ, ನೀವು ಆಟ ಬರ್ದಿದ್ದು ನಿಜ. ಈಗ ನಂಬ್ತೀನಿ."

"ನನ್ನ ದನಿ ಕೇಳಿ ನಂಬಿದ್ಯಾ?"

"ದನಿ ಯಾರದಾದ್ರೂ ಇರ್ಬೋದು," ಎಂದಳು. "ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಹಾಳು ಮಾಡಿದಾರೆ ಅಂದ್ರೆ, ಅದು ನಿಮ್ಮದೇ."