ಮಾವನ ಗಂಟಲೂ ನನ್ನ ಕಾರಿನ ಸೈಲೆನ್ಸರೂ

ಹೆಂಡತಿಯ ಬಾಯಿ, ಕಾರಿನ ಸೈಲೆನ್ಸರು ಎರಡೂ ಒಂದೇ ದಿನ ಕಳಚಿಕೊಂಡರೆ ಗಂಡಸಾದವನು ಎಲ್ಲಿಗೆ ಹೋಗಬೇಕು ಹೇಳಿ. ಸೈಲೆನ್ಸರ್ ಕಳಚಿದ್ದು ಮುಂಬಯಿಯ ಸಯನ್ ಸರ್ಕಲ್ಲಿನಲ್ಲಿ, ಬಸ್ಸಿಗೆ ಕ್ಯೂ ನಿಂತವರೆಲ್ಲರ ಕಣ್ಣೆದುರು. ಅದನ್ನು ಹೆಕ್ಕಲು ನಾನು ಇಳಿಯುವಷ್ಟರಲ್ಲಿ ಹಿಂದಿನಿಂದ ಬಂದ ಲಾರಿ ಅದನ್ನು ಚಪಾತಿ ಮಾಡಿ ಹೋಯಿತು. ಹೆಂಡತಿಯ ಬಾಯಿ ಕಳಚಿದ್ದು ನಾನು ಮನೆ ಮುಟ್ಟಿದ ಮೇಲೆ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಐತಪ್ಪ ನಾನು. ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಮಗಳ ಜೊತೆಗಿರಲು ವಿಲಾಯತಿಗೆ ಹೊರಟಾಗ, ಗುಜರಿಯವನಿಗೆ ಕೊಡಲು ಮನಸ್ಸಾಗದೆ ಹೆಚ್ಚುಕಮ್ಮಿ ದಾನದಂತೆ ನನಗೆ ದಾಟಿಸಿದ ಸ್ಪೋರ್ಟ್ಸ್ ಕಾರು ಅದು. ಕೆಂಪು ಬಣ್ಣ, ಉದ್ದ ಮೂತಿ, ಎರಡೇ ಸೀಟು. (ಮೇಲೆ ಮುಚ್ಚಲು ಕ್ಯಾನ್ವಾಸಿನ ಮಾಡೂ ಇದೆ. ಮಳೆ ಬಂದಾಗ ಸಿಕ್ಕಿಕೊಂಡು, ಮಳೆ ಬಿಟ್ಟ ಮೇಲೆ ಲಕ್ಷಣವಾಗಿ ಬಿಚ್ಚಿಕೊಳ್ಳುತ್ತದೆ.) ಹಿಂದಿನ ವರ್ಷದ ಯುದ್ಧದಲ್ಲಿ ಬ್ಲ್ಯಾಕ್‌ಔಟಿಗೆಂದು ಹೆಡ್‌ಲೈಟಿಗೆ ಬಳಿದ ಕಪ್ಪು ಇನ್ನೂ ಅರ್ಧ ಹಾಗೇ ಉಳಿದಿತ್ತು. ಆದರೂ ಅದರ ಮುಂದೆ ನಿಂತರೆ ನನ್ನ ಕೈ ತಾನಾಗಿ ಜೋಡಿಕೊಳ್ಳುತ್ತಿತ್ತು. ಇಂಥ ದೇವಲೋಕದ ರಥ ನನ್ನಂಥವನ ಹೆಸರಿನಲ್ಲಿದೆಯಲ್ಲ ಎಂದು ಎಷ್ಟೋ ಸಲ ಕಣ್ಣಲ್ಲಿ ನೀರು ಬಂದದ್ದುಂಟು.

ಹೆಂಡತಿ ಸೇವಂತಿಗೆ ಮಾತ್ರ ಭಕ್ತಿ ಸಾಲದು. ಮೂರು ಮಕ್ಕಳ ಸಂಸಾರಕ್ಕೆ ಎರಡು ಸೀಟಿನ ಕಾರು ತಂದ ಮಹಾನುಭಾವ ಎಂದೇ ಅವಳು ಬಿಲ್ಡಿಂಗಿನವರಿಗೆ ನನ್ನ ಪರಿಚಯ ಹೇಳುವುದು. ಸೈಲೆನ್ಸರಿಲ್ಲದ ಕಾರು ಗೇಟಿನೊಳಗೆ ಬಂದ ದಿನ ಮೇಲಿನ ಮಾಳಿಗೆಯ ಗಂಗುಬಾಯಿಯ ಉಪ್ಪಿನಕಾಯಿ ಭರಣಿ ಕಪಾಟಿನಿಂದ ಉರುಳಿತಂತೆ. ಆಕೆ ಒಡೆದ ಭರಣಿಯನ್ನು ಹಿಡಿದುಕೊಂಡೇ ಕೆಳಗಿಳಿದು ಬಂದರು. ಸೇವಂತಿ ಅಲ್ಲೇ ತೀರ್ಪು ಕೊಟ್ಟಳು. ಮಲಗಿದ ಮಗುವೂ ಏಳದಂಥ ಮೆತ್ತನೆಯ ಸೈಲೆನ್ಸರ್ ಹಾಕಿಸಬೇಕು, ಇಲ್ಲವಾದರೆ ಕಾರು ಗುಜರಿಗೆ.

ಇದೇ ಹೊತ್ತಿಗೆ ಸೇವಂತಿಯ ಅಪ್ಪ, ನನ್ನ ಮಾವ ದೂಜಣ್ಣ ಊರಿನಿಂದ ಬಂದರು. ಅವರು ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷಧಾರಿ, ಎಂದರೆ ರಕ್ಕಸನ ಪಾತ್ರಕ್ಕೇ ಹುಟ್ಟಿದವರು. ಅವರು ಪರದೆಯ ಹಿಂದೆ ನಿಂತು ಅಬ್ಬರ ಕೊಟ್ಟರೆ ಗದ್ದೆಯಾಚೆಯ ನಾಯಿಗಳೂ ಬಾಲ ಮಡಚುತ್ತಿದ್ದ ಕಾಲವಿತ್ತು. ಮನೆಯಲ್ಲಿ ಮಾತ್ರ ಮಹಾ ಸೌಮ್ಯ, ನನ್ನನ್ನು ನೀವು ಎನ್ನದೆ ಮಾತಾಡಿದವರಲ್ಲ. ಮಳೆಗಾಲದಲ್ಲಿ ಊರಿನಲ್ಲಿ ಆಟವಿಲ್ಲವೆಂದು ಮೇಳ ಮುಂಬಯಿಗೆ ಬಂದಿತ್ತು, ಮಾವ ನಮ್ಮಲ್ಲಿ ಉಳಿದರು. ಆದರೆ ಬಾಗಿಲಲ್ಲಿ ನಿಂತು "ಸೌಖ್ಯವಾ" ಎಂದದ್ದು ನನಗೆ ಕೇಳಿಸಲೇ ಇಲ್ಲ. ಅವರ ಗಂಟಲು ಪೂರ್ತಿ ಕೂತುಹೋಗಿತ್ತು.

ಮೇಳದ ಯಜಮಾನರು ಖಂಡಿತವಾಗಿ ಹೇಳಿದ್ದರಂತೆ. ಸಯನ್ನಿನ ಹಾಲ್‌ನಲ್ಲಿ ಆದಿತ್ಯವಾರದ ಆಟ. ಅಲ್ಲಿ ಅಬ್ಬರ ಏಳದಿದ್ದರೆ ವೇಷ ಬೇರೆಯವನಿಗೆ, ದೂಜಣ್ಣನಿಗೆ ಪರದೆಯ ಹಿಂದಿನ ಚೌಕಿಯಲ್ಲಿ ಕೂತು ಉಳಿದವರಿಗೆ ಬಣ್ಣ ಹಚ್ಚಿ ಕಿರೀಟ ಕಟ್ಟುವ ಕೆಲಸ. ಮಾವ ಇದನ್ನು ಪಿಸುಮಾತಿನಲ್ಲಿ ಹೇಳಿ ಗೋಡೆ ಕಡೆ ತಿರುಗಿ ಕೂತರು. ಸೇವಂತಿ ಕಾಳುಮೆಣಸಿನ ಕಷಾಯ ಕುದಿಸುತ್ತಾ ಒಲೆಯ ಮುಂದೆ ಅತ್ತಳು. ಮಾವನನ್ನು ಹಾಲ್‌ಗೆ ಗಮ್ಮತ್ತಿನಲ್ಲಿ ಕರೆದುಕೊಂಡು ಹೋಗುವುದರ ಹೊರತು ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ, ಅದಕ್ಕೂ ಸೈಲೆನ್ಸರ್ ಆಗಬೇಕಿತ್ತು.

ಸೇವಂತಿಯನ್ನೂ ಕರೆದುಕೊಂಡು ಚೋರ್ ಬಜಾರಿಗೆ ಹೋದೆ. (ಕರೆದುಕೊಂಡು ಹೋದೆ ಎಂಬುದು ನನ್ನ ಮರ್ಯಾದೆಗಾಗಿ.) ಹಳೆ ಪಾರ್ಟ್ಸ್ ಮಾರುವ ಕಾಸಿಂಭಾಯಿಯ ಅಂಗಡಿ. ಗೋಡೆಯ ತುಂಬ ಸೈಲೆನ್ಸರುಗಳು ಪಡುವಲಕಾಯಿಯ ಹಾಗೆ ನೇತಾಡುತ್ತಿದ್ದವು. ಸಣ್ಣದು, ಉದ್ದದ್ದು, ಎರಡು ಬಾಯಿಯದ್ದು, ಯಾವ ದೇಶದ ಯಾವ ದೊರೆಯ ಕಾರಿನದ್ದೋ ತುಕ್ಕು ಹಿಡಿದದ್ದು. ನಾನು ದೇವಸ್ಥಾನ ಹೊಕ್ಕವನಂತೆ ಚಪ್ಪಲಿ ಬಿಡಲು ಹೊರಟಿದ್ದೆ. ಸೇವಂತಿ ಮಾತ್ರ ಸಂತೆಯಲ್ಲಿ ಮಣ್ಣಿನ ಮಡಕೆ ಆರಿಸುವವಳಂತೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಾ ಹೋದಳು. ಕಾಸಿಂಭಾಯಿ ಸಿಗರೇಟು ಸೇದುವುದನ್ನು ಮರೆತು ಅವಳನ್ನೇ ನೋಡಿದ.

ಅವಳು ಆರಿಸಿದ್ದನ್ನು ಕಾಸಿಂಭಾಯಿ ಕಾರಿಗೆ ಕ್ಲ್ಯಾಂಪ್ ಹಾಕಿ ಬಿಗಿದ, ನಾನು ಸ್ಟಾರ್ಟ್ ಮಾಡಿದೆ. ಮೊದಲಿನದ್ದು ಹೊಲಿಗೆ ಮೆಷಿನ್ನಿನಂತೆ ಟಕಟಕ ಎಂದಿತು. ಅವಳಿಗೆ ಪರಮಾನಂದ, ನನಗೆ ಪ್ರಾಣಸಂಕಟ. ಎರಡನೆಯದ್ದು ನೆಗಡಿಯಾದ ಎಮ್ಮೆಯಂತೆ ಉಸಿರೆಳೆಯಿತು. ಆಗ ನಾನು ಮೂಲೆಯಲ್ಲಿದ್ದ ಒಂದು ದಪ್ಪ ಡಬ್ಬವನ್ನು ತೋರಿಸಿ, ಸುಮ್ಮನೆ ನೋಡಲಿಕ್ಕೆ ಎಂದೆ. ಕಾಸಿಂಭಾಯಿ "ಸೇಠ್, ಯೇ ಸೈಲೆನ್ಸರ್ ನಹೀ, ಶೇರ್ ಹೈ" ಎಂದು ಸಿಂಹವನ್ನೇ ಹೊರತಂದವನ ಗತ್ತಿನಲ್ಲಿ ಅದನ್ನು ಬಿಗಿದ.

ಆಕ್ಸಲರೇಟರ್ ಮುಟ್ಟಿದೆ. ನೆಲದ ಕೆಳಗಿನಿಂದ ಎದ್ದು, ಎದೆಗೂಡಿನಲ್ಲಿ ತಿರುಗಿ, ಗಲ್ಲಿಯ ಎರಡೂ ಬದಿಯ ತಗಡುಗಳನ್ನು ನಡುಗಿಸಿ ಒಂದು ಸ್ವರ ಹೊರಟಿತು. ಹರಾಜು ಕೂಗುತ್ತಿದ್ದವರು ಬಾಯಿ ಮುಚ್ಚಿದರು. ನನ್ನ ಮೈಯ ರೋಮವೆಲ್ಲ ನಿಂತಿತು. ಇನ್ನೀಗ ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿಕೊಂಡು ಕೂತೆ.

"ಇನ್ನೊಮ್ಮೆ ಒತ್ತಿ," ಎಂದಳು ಸೇವಂತಿ. ಒತ್ತಿದೆ. ಅವಳ ಕಣ್ಣು ತುಂಬಿತ್ತು. "ಅಪ್ಪನ ಸ್ವರ ಹೀಗೇ ಇದ್ದದ್ದು ಮಾರಾಯ್ರೆ. ಇದೇ ಇರ್ಲಿ."

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವವಳು ಅಂದು ಕಾಸಿಂಭಾಯಿ ಹೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸಿದಳು. ಮನೆಗೆ ಬರುವ ದಾರಿಯಲ್ಲೇ ಅವಳ ಉಪಾಯ ತಯಾರಾಯಿತು. ಹಾಲ್‌ನ ಹಿಂದಿನ ಓಣಿಯಲ್ಲಿ, ರಂಗಸ್ಥಳದ ಪಕ್ಕದ ಬಾಗಿಲಿಗೆ ಕಾರಿನ ಹಿಂಭಾಗ ತಾಗುವಂತೆ ನಾನು ನಿಲ್ಲಬೇಕು. ಅವಳು ಬಾಗಿಲಲ್ಲಿ ನಿಂತು ಟವೆಲ್ ಬೀಸಿದರೆ ಒತ್ತಬೇಕು, ಇಳಿಸಿದರೆ ಬಿಡಬೇಕು. ಮಾವ ಬಾಯಿ ತೆರೆದರೆ ಸಾಕು, ಅಬ್ಬರ ಕಾರಿನದ್ದು. ವಿಷಯ ತಿಳಿದ ಮಾವ ಕಾರಿಗೆ ಒಂದು ಸುತ್ತು ಬಂದು, ಅದರ ಸ್ವರ ಕೇಳಿ, ಅದರ ಉದ್ದ ಮೂತಿಯನ್ನು ಸವರಿದರು. ಆಮೇಲೆ "ಈ ಕೆಂಪು ರಕ್ಕಸನಿಗೆ ಬಣ್ಣ ಹಚ್ಚುವ ಕೆಲಸವೂ ಇಲ್ಲ" ಎಂದು ಪಿಸುಗುಟ್ಟಿದರು.

ಆದಿತ್ಯವಾರ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಚೆಂಡೆ ಏರಿತು, ಪರದೆ ನಡುಗಿತು, ಟವೆಲ್ ಹಾರಿತು. ನಾನು ಒತ್ತಿದೆ. ಒಳಗೆ ಎಲ್ಲೋ ಒಂದು ಮಗು ಅತ್ತಿತು. ಆಮೇಲೆ ಬಿತ್ತು ನೋಡಿ ಚಪ್ಪಾಳೆ. ಬಾಗಿಲ ಸಂದಿಯಿಂದ ಮಾವನ ದೊಡ್ಡ ಕಿರೀಟ, ಕೆಂಪು ಕಪ್ಪು ಬಣ್ಣದ ಮುಖ, ಕೆರಳಿದ ಕಣ್ಣು ಕಂಡವು. ಇವರೇ ಏನು ನಮ್ಮ ಮನೆಯಲ್ಲಿ ಚಾಪೆ ಮಡಚಿಟ್ಟು ಹಲ್ಲುಜ್ಜುವವರು ಎಂದು ನಾನೇ ಬೆಕ್ಕಸ ಬೆರಗಾದೆ. ಟವೆಲ್ ಹಾರಿದಾಗೆಲ್ಲ ಒತ್ತಿದೆ. ಯಜಮಾನರು ಚೌಕಿಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುವುದನ್ನೂ ಕಂಡೆ.

ಕೊನೆಗೆ ದೇವರ ವೇಷದವನು ಬಾಣ ಬಿಟ್ಟ, ರಕ್ಕಸ ಮಂಡಿಯೂರಿ ತಲೆ ತಗ್ಗಿಸಿದ. (ಅಷ್ಟು ದೊಡ್ಡ ಕಿರೀಟ ಹೊತ್ತವರು ಮಲಗಿ ಸಾಯಲಾಗುವುದಿಲ್ಲ.) ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನ ಮಾನ ಉಳಿಯಿತು ಎಂಬ ಸಂತೋಷಕ್ಕೆ ನನ್ನ ಎದೆ ಉಬ್ಬಿತು, ಎದೆಯ ಜೊತೆಗೆ ಕಾಲೂ ಒತ್ತಿಹೋಯಿತು.

ಸತ್ತ ರಕ್ಕಸ ಅಬ್ಬರಿಸಿದ. ಹಾಡುತ್ತಿದ್ದ ಭಾಗವತರ ಪದ ಅರ್ಧಕ್ಕೆ ನಿಂತಿತು. ಮಾವ ಏನು ಮಾಡಬೇಕು ಪಾಪ, ಎದ್ದು ನಿಂತರು. ದೇವರ ವೇಷದವನು ಇನ್ನೊಂದು ಬಾಣ ಬಿಟ್ಟ, ಮಾವ ಇನ್ನೊಮ್ಮೆ ಸತ್ತರು. ನಾನು ಗಾಬರಿಯಲ್ಲಿ ಕೀಲಿ ತಿರುಗಿಸಿದೆ. ಹಳೆ ಎಂಜಿನ್ನು, ಬಿಸಿಯಾದ ಮೇಲೆ ಕೀಲಿಯ ಮಾತು ಎಲ್ಲಿ ಕೇಳುತ್ತದೆ? ಅದು ಗುಟುರು ಹಾಕುತ್ತಲೇ ಇತ್ತು, ಮಾವ ಏಳುತ್ತಲೇ ಇದ್ದರು. ಸೇವಂತಿ ಟವೆಲನ್ನು ನನ್ನ ಮುಖಕ್ಕೇ ಎಸೆದಳು. ಅಷ್ಟರಲ್ಲಿ ಹೊಗೆ ಕೊಳವೆಯಿಂದ ಢಮಾರ್ ಎಂದು ಒಂದು ಸದ್ದು ಸಿಡಿಯಿತು. ದೇವರು ಬಿಲ್ಲನ್ನು ಬಿಟ್ಟು ಮದ್ದಳೆಯವನ ಮಡಿಲಲ್ಲಿ ಕೂತುಬಿಟ್ಟ.

ಆಗ ಮಾವ ನನ್ನ ಕಡೆ ತಿರುಗಿದರು. ಆ ಮುಖ ಈಗಲೂ ಕನಸಿನಲ್ಲಿ ಬರುತ್ತದೆ.

"ಎಲವೋ ಐತಪ್ಪಾ! ನಿಲ್ಲಿಸ್ತೀಯೋ, ಅಲ್ಲ ನಿನ್ನನ್ನು ಇಲ್ಲೇ ಸೀಳಿ ಹಾಕ್ಲೋ!"

ಇದು ಕಾರಿನ ಸ್ವರವಲ್ಲ. ಕಾರು ಆ ಕ್ಷಣಕ್ಕೇ ಹೆದರಿ ನಿಂತುಹೋಗಿತ್ತು. ಹಾಲ್‌ನ ಕಿಟಕಿ ಗಾಜುಗಳು ಝಣಗುಟ್ಟಿದವು. ಎಷ್ಟೋ ತಿಂಗಳಿಂದ ಕೂತಿದ್ದ ಗಂಟಲು ಪೂರ್ತಿ ತೆರೆದು, ಕಂಚಿನ ಸ್ವರ ಹೊರಗೆ ಬಂದಿತ್ತು. ಮಾವ ತಾವೇ ಬೆಚ್ಚಿ ಕತ್ತು ಮುಟ್ಟಿ ನೋಡಿಕೊಂಡರು, ಮತ್ತೊಮ್ಮೆ ಅಬ್ಬರ ಕೊಟ್ಟರು, ಮಗದೊಮ್ಮೆ ಕೊಟ್ಟರು. ಸೇವಂತಿ ಬಾಗಿಲಲ್ಲೇ ಕುಸಿದು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಸ್ಟಿಯರಿಂಗ್ ಹಿಡಿದುಕೊಂಡು, ಇಂಥ ಸ್ವರ ಮನುಷ್ಯನಿಗೂ ಉಂಟೇ ಎಂದು ಕೇಳುತ್ತಾ ಕೂತೆ.

ವೇಷ ಮಾವನಲ್ಲೇ ಉಳಿಯಿತು. ಐತಪ್ಪನೆಂಬುದು ಯಾವ ಪುರಾಣದ ಪಾತ್ರವೆಂದು ಸಯನ್ನಿನ ಕನ್ನಡಿಗರಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಕಾರಿನ ಸ್ವರದ ಅಗತ್ಯ ತೀರಿತೆಂದು ಸೇವಂತಿ ಮರುದಿನ ಬೆಳಿಗ್ಗೆಯೇ ಅದಕ್ಕೆ ಮೆತ್ತನೆಯ ಸೈಲೆನ್ಸರ್ ಹಾಕಿಸಿಬಿಟ್ಟಳು.

ಆದರೆ ಅದೇ ದಿನ ಮೇಳದ ಅಭ್ಯಾಸದಲ್ಲಿ ಮಾವನಿಗೆ ಮತ್ತೆ ಸ್ವರ ಏಳಲಿಲ್ಲವಂತೆ. ಸಂಜೆ ಯಜಮಾನರೇ ನಮ್ಮ ಮನೆಗೆ ಬಂದರು. ಮಾವ ನನ್ನ ಪಕ್ಕ ಕೂತು, ಎಂದಿನ ಸೌಮ್ಯತೆಯಲ್ಲಿ, ನೆಲ ನೋಡುತ್ತಾ ಹೇಳಿದರು:

"ಬೇಸರ ಮಾಡ್ಬೇಡಿ ಅಳಿಯಂದಿರೇ. ನಿಮ್ಮ ಮುಖ ಕಂಡ್ರೆ ಮಾತ್ರ ಅದು ಬರುವುದು."

ಈ ಆದಿತ್ಯವಾರ ದಹಿಸರಿನಲ್ಲಿ ಆಟ. ಎದುರು ಸಾಲಿನ ನಡುವೆ, ರಕ್ಕಸನಿಗೆ ಸರಿಯಾಗಿ ಕಾಣುವಲ್ಲಿ, ಯಜಮಾನರು ನನಗೆ ಕುರ್ಚಿ ಹಾಕಿಸಿದ್ದಾರೆ.