ಭಾವನ ಅಚ್ಚಿಗೆ ಕೂರದ ಹೆಸರುಗಳು

ಮನುಷ್ಯ ಹುಟ್ಟಿದ ಮಾತ್ರಕ್ಕೆ ಅವನಿಗೆ ಹೆಸರಿದೆ ಅಂತ ನಮ್ಮ ಭಾವ ಒಪ್ಪುತ್ತಿರಲಿಲ್ಲ; ಅದನ್ನು ಅವರು ಪಾಸು ಮಾಡಬೇಕು! ರಾಜಾಜಿನಗರದ ಮನೆಗೆ ಯಾರಾದರೂ ಫೋನ್ ಮಾಡಿ "ನಾನು" ಅಂದರೆ, ನಾನು ಅನ್ನುವುದು ಹೆಸರಲ್ಲ ಅಂತ ಇಟ್ಟುಬಿಡೋರು. ಒಂದು ಸಲ ಆ "ನಾನು" ಅವರ ಅತ್ತೆ, ಅಂದರೆ ನಮ್ಮಮ್ಮ. ಅವತ್ತು ಅಕ್ಕ ಅವರಿಗೆ ಬರೀ ಮಜ್ಜಿಗೆ ಅನ್ನ ಬಡಿಸಿದಳು.

ಇಂಥವರಿಗೆ ವಿಜಯನಗರದ ವಧೂವರ ಕೇಂದ್ರವೊಂದರ ವೆಬ್‌ಸೈಟ್ ಮಾಡುವ ಕೆಲಸ ಸಿಕ್ಕಿತು. ಆಗಿನ್ನೂ ಎಷ್ಟು ಮನೆಗಳಲ್ಲಿ ಇಂಟರ್‌ನೆಟ್ ಇತ್ತು? ಜನ ಕೇಂದ್ರಕ್ಕೇ ಬಂದು, ಅಲ್ಲಿನ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ವಿವರ ತುಂಬಬೇಕಿತ್ತು. ಬರೆದದ್ದು ಹೀಗೇ ಇರಬೇಕು ಅಂತ ಪರೀಕ್ಷಿಸಲು ಭಾವ ಒಂದು ಅಚ್ಚು ಕಟ್ಟಿದ್ದರು. ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರಂತೆ. ಚುಕ್ಕಿ, ನಕ್ಷತ್ರ, ಆವರಣಗಳ ಆ ಸಾಲನ್ನು ನೋಡಿ ಅಕ್ಕ, ಯಾರೋ ರಂಗೋಲಿ ತುಳಿದಿದ್ದಾರೆ ಅಂದಳು. ಅದರ ಪ್ರಕಾರ ಮೊದಲು ಒಂದೇ ಇನಿಷಿಯಲ್, ಒಂದು ಚುಕ್ಕಿ, ಆಮೇಲೆ ಹೆಸರು. ತಪ್ಪಿದರೆ ಕೆಂಪಕ್ಷರ: "ಸರಿಯಾದ ಹೆಸರು ಬರೆಯಿರಿ."

ಶ್ರೀಗಂಧದ ಕಾವಲಿನಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಕಡೆಯ ಹುಡುಗನೊಬ್ಬ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಬರೆದ. ಕೆಂಪು! ನಮ್ಮಪ್ಪ ಇಟ್ಟ ಹೆಸರು ಇದೇ ರೀ ಅಂತ ಪಾಪ ಗೋಗರೆದ.

"ನಿಮ್ಮಪ್ಪ ತಪ್ಪು ಮಾಡಿದಾರೆ" ಅಂದರು ಭಾವ.

ಇನ್ನೊಬ್ಬರು ತಂದೆಯ ಹೆಸರಿಗೆ "ಜಿ. ಗೊತ್ತಿಲ್ಲ" ಅಂತ ಬರೆದರೆ ಕಂಪ್ಯೂಟರ್ ಖುಷಿಯಾಗಿ ಒಪ್ಪಿಕೊಂಡಿತು. ಇನಿಷಿಯಲ್ ಇದೆಯಲ್ಲ, ಇನ್ನೇನು ಬೇಕು?

ಒಂದು ಭಾನುವಾರ ನಾನೂ ಭಾವನ ಜೊತೆ ಕೇಂದ್ರದಲ್ಲಿದ್ದೆ. ಮೂಡಲಪಾಳ್ಯದ ಒಬ್ಬ ಹೆಂಗಸು ಬಂದರು, ಗಾರ್ಮೆಂಟ್ಸಿನಲ್ಲಿ ಕೆಲಸ. ಮಗಳ ವಿವರವನ್ನೆಲ್ಲ ಒಂದೊಂದೇ ಅಕ್ಷರ ಹುಡುಕಿ ಒತ್ತಿದವರು, ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟರು. ಕೆಂಪಕ್ಷರ ಬಂತು. ಮತ್ತೆ ಒತ್ತಿದರು, ಮತ್ತೆ ಬಂತು.

"ಅವಳು ಹೊಟ್ಟೇಲಿದ್ದಾಗ್ಲೇ ಬಿಟ್ಟೋದ್ರು ಸಾರ್. ಅವರ ಹೆಸರು ಬೇಡ ಅಂತಾಳೆ ಮಗಳು."

ಏನಾದರೊಂದು ಹಾಕಿಬಿಡಿ ಅಂದೆ ನಾನು, ಬುದ್ಧಿವಂತ. ಸುಳ್ಳು ಹೆಸರಿಟ್ಟು ಹೆಣ್ಣು ಕೊಡಲಾ ಅಂತ ಕೇಳಿ, ಬ್ಯಾಗು ತಗೊಂಡು ಎದ್ದರು.

ಭಾವ ಈಗ ನಿಯಮ ಹೇಳುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದುಕೊಟ್ಟು, ಕೂತ್ಕೊಳ್ಳಿ ಅಂದರು. ಕೀಬೋರ್ಡ್ ಹತ್ತಿರಕ್ಕೆ ತಗೊಂಡು, "ತಂದೆ" ಅಂತಿದ್ದುದನ್ನು "ತಂದೆ ಅಥವಾ ತಾಯಿ" ಅಂತ ಮಾಡಿದರು. ಆಕೆ ತಮ್ಮ ಹೆಸರನ್ನು ಒತ್ತಿದರು. ಮೂರೇ ಅಕ್ಷರ, ಹಿಂದೆ ಮುಂದೆ ಏನೂ ಇಲ್ಲ. ಮತ್ತೆ ಕೆಂಪು.

ಆಕೆಯ ಬೆರಳು ಹಿಂದೆ ಸರಿಯಿತು. ಭಾವನ ಮುಖ ಸಣ್ಣದಾಯಿತು. ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದ ಚುಕ್ಕಿ, ನಕ್ಷತ್ರಗಳ ಆ ಇಡೀ ಸಾಲನ್ನೇ ಅಳಿಸಿಹಾಕಿದರು.

"ಇನ್ನೊಂದ್ಸಲ ಒತ್ತಿ ಅಮ್ಮ. ತಪ್ಪು ನಂದು."

ಈ ಸಲ ಮಗಳ ವಿವರ ಪರದೆಯ ಮೇಲೆ ಬಂತು, ಕೆಳಗೆ ತಾಯಿಯ ಹೆಸರು. ಇದು ಎಲ್ಲರಿಗೂ ಕಾಣುತ್ತಾ ಅಂತ ಆಕೆ ಮೆಲ್ಲಗೆ ಕೇಳಿದರು. ಎಲ್ಲರಿಗೂ ಅಂದರು ಭಾವ. ಆಕೆ ತಕ್ಷಣ ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ಪರದೆಯ ಮೇಲಿನ ತಮ್ಮ ಹೆಸರನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದರು.