ನಿಂತುಹೋದ ಸೋರಿಕೆ

ಇಷ್ಟೆಲ್ಲ ರಾಮಾಯಣಕ್ಕೂ ಕಾರಣ ಒಂದು ಸೋರಿಕೆ.

ಭೋರ್ ದಾಟಿ ಮುಂದೆ ಹೋದರೆ ಒಂದು ಸಣ್ಣ ಹೊಳೆ, ಅದಕ್ಕೆ ಬ್ರಿಟಿಷರ ಕಾಲದ ಕಲ್ಲಿನ ಅಣೆಕಟ್ಟು, ಬುಡದಲ್ಲಿ ಕರೆಂಟು ತಯಾರಿಸುವ ಪುಟ್ಟ ಮನೆ. ಅಣೆಕಟ್ಟಿನ ಒಳಗಿನ ಸುರಂಗದಲ್ಲಿ ಒಂದು ಬಿರುಕು. ಅದರಿಂದ ಜಿನುಗುವ ನೀರಿಗೆ ಬಕೆಟ್ ಇಟ್ಟು, ಎಷ್ಟು ನಿಮಿಷಕ್ಕೆ ತುಂಬಿತೆಂದು ದಿನಾ ವಹಿಯಲ್ಲಿ ಬರೆಯುವುದು ಮಲಕಪ್ಪನ ಕೆಲಸ. ಹದಿನೆಂಟು ವರ್ಷದಿಂದ ಅದು ಹನ್ನೊಂದು ನಿಮಿಷಕ್ಕೇ ತುಂಬುತ್ತಿತ್ತು. ಪುಣ್ಯಾತ್ಮ ಹದಿನೆಂಟು ವರ್ಷದಿಂದ ಅದನ್ನೇ ಬರೆಯುತ್ತಿದ್ದ.

ಹೆಂಡತಿ ಸಾವಂತ್ರವ್ವ ದೂರದ ಶಹರದ ನಿಗಡಿಯಲ್ಲಿ, ಈತ ಇಲ್ಲಿ. ರವಿವಾರ ಮಾತ್ರ ಬಿಸಿ ರೊಟ್ಟಿ. ಉಳಿದ ದಿನ ದೇವದಾಸನ ಕ್ಯಾಂಟೀನಿನ ನೀರುಸಾರು. ಅದೇ ಶಹರದ ಶಿವಾಜಿನಗರದ ಆಫೀಸಿಗೆ ವರ್ಗ ಕೇಳಿ ಕೇಳಿ ನಾಲಿಗೆ ಸವೆದ ಮೇಲೆ ಅಂತೂ ಆರ್ಡರು ತಯಾರಾಗಿತ್ತು. ಅಣೆಕಟ್ಟಿನ ಸುರಕ್ಷತೆ ಪರೀಕ್ಷಿಸುವ ರಂಜನಾ ಮೇಡಮ್ ಎಲ್ಲ ನೋಡಿ ಅದಕ್ಕೆ ಸಹಿ ಹಾಕುವುದೊಂದೇ ಬಾಕಿ. ಅವರು ಬರುವುದು ಇವತ್ತೇ.

"ಆರ್ಡರ್ ಇಲ್ಲದ ಬಂದ್ರ ಬಾಗಿಲಾ ತಗಿಯೂದಿಲ್ಲ ನೋಡ್ರಿ!" ಮುಂಜಾನೆಯೇ ಸಾವಂತ್ರವ್ವನ ಫೋನು ಬಂದಿತ್ತು.

ದೇವದಾಸ ಸುರಂಗಕ್ಕೆ ಚಹಾ ತಂದವನು ಬಿರುಕು ನೋಡಿ ತಲೆ ಚಚ್ಚಿಕೊಂಡ. "ಹೀಗೆ ಸೋರಿದ್ರೆ ಅವರು ಸಹಿ ಹಾಕುದುಂಟಾ ಮಾರಾಯ್ರೆ? ಹೋಟ್ಲಿಗೆ ಇನ್‌ಸ್ಪೆಕ್ಟರ್ ಬರುವ ದಿನ ನಾವು ಮೋರಿಗೂ ರಂಗೋಲಿ ಹಾಕ್ತೇವೆ."

"ಅದು ಸೋರೂದ ಅದರ ಲಕ್ಷಣ ಅದರಿ," ಎಂದ ಮಲಕಪ್ಪ.

"ಲಕ್ಷಣ ನಿಮಗೆ. ಬಂದವರಿಗೆ ಅದು ತೂತು!"

ರೊಟ್ಟಿಯ ಆಸೆ ಬುದ್ಧಿಯನ್ನು ತಿಂದಿತು. ಮಲಕಪ್ಪನ ಹಳೆಯ ಧೋತರದ ತುಂಡನ್ನು ಬಿರುಕಿಗೆ ತುರುಕಿದರು. ಅದರ ಮೇಲೆ ದೇವದಾಸ ಪರೋಟದ ಹಿಟ್ಟು ಮೆತ್ತಿದ. ನೆಲ ಒರೆಸಿ ಎರಡು ಊದಿನಕಡ್ಡಿಯನ್ನೂ ಹಚ್ಚಿಟ್ಟರು.

ರಂಜನಾ ಮೇಡಮ್ ಬಂದು ಬಕೆಟ್ ಇಟ್ಟು ಗಡಿಯಾರ ಹಿಡಿದರು. ಹನ್ನೊಂದು ನಿಮಿಷವಾಯಿತು. ಒಂದು ಹನಿಯೂ ಇಲ್ಲ. ಅವರು ವಹಿ ನೋಡಿದರು, ಗೋಡೆ ನೋಡಿದರು, ಮುಖ ಬಿಳುಚಿಕೊಂಡಿತು.

"ಮಲಕಪ್ಪನವರ, ಹದಿನೆಂಟು ವರ್ಷ ಬಂದ ನೀರು ಇವತ್ತ ಎಲ್ಲಿ ಹೋತು?"

"ನಿಂತದರಿ ಮೇಡಮ್. ಕಟ್ಟಿ ಭಾಳ ಗಟ್ಟಿ ಅದರಿ."

"ಹಳೇ ಕಟ್ಟ್ಯಾಗ ನೀರು ಸುಮ್ಮನ ನಿಲ್ಲೂದಿಲ್ರಿ! ಇಲ್ಲಿ ನಿಂತದ ಅಂದ್ರ ಒಳಗ ಬ್ಯಾರೆ ದಾರಿ ಮಾಡ್ಕೊಂಡದ. ಸೈರನ್ ಹಾಕ್ರಿ ಮದಲ!"

ಮಲಕಪ್ಪ ಬಾಯಿ ತೆರೆಯುವಷ್ಟರಲ್ಲಿ, ಮೇಡಮ್ಮಿನ ಕೂಗಿಗೆ ಬೆದರಿದ ದೇವದಾಸ ಓಡಿಹೋಗಿ ಸೈರನ್ ಒತ್ತಿಯೇಬಿಟ್ಟ. ಕೆಳಗಿನ ಊರಿಗೆ ಊರೇ ಮೇಕೆ, ಕೋಳಿ, ಟಿವಿ ಹೊತ್ತು ಗುಡ್ಡ ಹತ್ತತೊಡಗಿತು. ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡೇ ಬಂದಿದ್ದ. ಇತ್ತ ಮೇಡಮ್ ಕಲೆಕ್ಟರಿಗೆ ಫೋನು ಹಚ್ಚುತ್ತಿದ್ದರು.

ಮಲಕಪ್ಪ ಬಾಯಿ ಬಿಟ್ಟರೆ ಆರ್ಡರು ಹೋಯಿತು, ಬಿಡದಿದ್ದರೆ ಪಾಪ, ಆ ಮಂದಿ ಬಿಸಿಲಲ್ಲಿ ಒಣಗಬೇಕು. ತಡೆಯಲಾಗದೆ ಕೈ ಮುಗಿದ.

"ತಪ್ಪಾತ್ರಿ ಮೇಡಮ್! ನೀರು ಎಲ್ಲೂ ಹೋಗಿಲ್ರಿ. ನನ್ನ ಧೋತರದ ಹಿಂದ ಅದರಿ!"

ಎಂದವನೇ ಧೋತರ ಎಳೆದ. ಹಿಟ್ಟಿನ ಮುದ್ದೆ ಹಾರಿ ಮೇಡಮ್ಮಿನ ಚಾಳೀಸಿನ ಗಾಜಿಗೆ ಅಂಟಿತು. ಹಿಂದೆಯೇ ನೀರು ಭರ್ರೆಂದು ಚಿಮ್ಮಿ, ಸ್ವಲ್ಪ ಹೊತ್ತಿಗೆ ತನ್ನ ಹಳೆಯ ನಡಿಗೆಗೆ ಬಂತು. ಮೇಡಮ್ ಚಾಳೀಸು ಒರೆಸಿಕೊಂಡು ಮತ್ತೆ ಬಕೆಟ್ ಇಟ್ಟರು. ತುಂಬಲು ಹಿಡಿದದ್ದು ಹನ್ನೊಂದು ನಿಮಿಷ, ಒಂದು ಸೆಕೆಂಡೂ ಹೆಚ್ಚಿಲ್ಲ.

ಅವರಿಗೆ ನಗು ತಡೆಯಲಾಗಲಿಲ್ಲ. ಊರಿನವರನ್ನು ಕೆಳಗೆ ಕಳಿಸಿ, ಕ್ಯಾಂಟೀನಿನಲ್ಲಿ ಕೂತು, ಎರಡು ಕಪ್ ಚಹಾ ಕುಡಿದು, ಹದಿನೆಂಟು ವರ್ಷದ ವಹಿಯನ್ನು ಪೂರಾ ತಿರುವಿದರು. "ಇಷ್ಟು ನಿಯತ್ತಿನ ವಹಿ ನಾ ಎಲ್ಲೂ ನೋಡಿಲ್ರಿ," ಎಂದು ವರದಿ ಬರೆದು ಮಲಕಪ್ಪನ ಕೈಗಿಟ್ಟರು. ಜೀವ ಬಂದಂತಾಗಿ ಅವನು ಓದಿದ:

'ಅಣೆಕಟ್ಟು ಸುರಕ್ಷಿತ. ಇದರ ನಾಡಿ ಬಲ್ಲವರು ಮಲಕಪ್ಪ ಒಬ್ಬರೇ. ನಿವೃತ್ತಿಯವರೆಗೂ ಅವರನ್ನು ಇಲ್ಲಿಂದ ಕದಲಿಸಬಾರದು.'

"ಮತ್ತ... ಶಿವಾಜಿನಗರರೀ?"

"ಹಾಂ, ಛಲೋ ನೆನಪು ಮಾಡಿದ್ರಿ!" ಮೇಡಮ್ ದೇವದಾಸನ ಕಡೆ ತಿರುಗಿದರು. "ಚಹಾ ಭಾಳ ರುಚಿ ಅದ. ಅಲ್ಲಿ ನಮ್ಮ ಆಫೀಸಿನ ಕ್ಯಾಂಟೀನ್ ಖಾಲಿ ಬಿದ್ದದ. ಬರ್ತೀರೇನು?"

ಶನಿವಾರ ದೇವದಾಸ ಕಾವಲಿ, ಕೆಟಲು ಟೆಂಪೋಗೆ ಏರಿಸಿದ. "ನಿಗಡಿ ಕಡೆಗೂ ಹೋಗ್ತೇನೆ. ಮನೆಗೆ ಎಂಥಾದ್ರೂ ಹೇಳ್ಲಿಕ್ಕುಂಟಾ ಮಲಕಪ್ಪಣ್ಣ?"

ಮಲಕಪ್ಪ ಬಕೆಟ್ ಎತ್ತಿಕೊಂಡು ಸುರಂಗದ ಕಡೆ ಹೊರಟಿದ್ದ.

"ಬಾಗಿಲಾ ತಗಿಯೂದು ಬ್ಯಾಡ ಅಂತ ಹೇಳ್ರಿ."